ಚಾಮ್ಲಿಹಾನಿಗೆ ಬಂದ ಡೆನ್ಮಾರ್ಕ್ ಸಾಹೇಬರು

ಹಲ್ಲುನೋವಿಗೂ ಮಗಳ ಮದುವೆಗೂ ಕೈಕೈ ಹಿಡಿದುಕೊಂಡು ಬರಬಾರದು ಅನ್ನುವ ಬುದ್ಧಿ ಇಲ್ಲ. ತುರ್ಕಿಯ ಇನ್ಜೆಬಾಯಿರು ಎಂಬ ಊರಿನಲ್ಲಿ ಹತ್ತಿ ತುಂಬಿ ರಜಾಯಿ ಹೊಲಿಯುವ ತಹ್ಸಿನ್ ಮನೆಗೆ ಅವೆರಡೂ ಒಂದೇ ಬುಧವಾರ ಒಟ್ಟಿಗೆ ಬಂದು ಕೂತವು.

ಶುಕ್ರವಾರ ಪಕ್ಕದ ಪಟ್ಟಣ ಚಾಮ್ಲಿಹಾನಿನಿಂದ ಗಂಡಿನ ಕಡೆಯವರು ಹೆಣ್ಣು ಕೇಳಲು ಇನ್ಜೆಬಾಯಿರಿಗೆ ಬರುವವರಿದ್ದರು. ತಹ್ಸಿನ್‌ನ ಮಗಳು ಗುಲ್ಸೆರೆನ್ ಹೊಲಿಗೆ ಕಲಿಯಲು ಆ ಪಟ್ಟಣಕ್ಕೆ ಹೋಗಿ ಬರುತ್ತಿದ್ದಾಗ ರೇಡಿಯೋ ರಿಪೇರಿ ಮಾಡುವ ಇಲ್ಕೆರ್ ಎಂಬ ಹುಡುಗ ಅವಳನ್ನು ನೋಡಿದ್ದ. ಅವಳು ಅವನನ್ನು ನೋಡಿರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ. ಅದಿರಲಿ. ಬೀಗತನ ಅಂದಮೇಲೆ ಮನೆತನ ಎಂಥದ್ದು, ಹುಡುಗನ ಅಪ್ಪ ಎಂಥವನು ಅಂತ ಗುಟ್ಟಾಗಿ ವಿಚಾರಿಸಿಕೊಂಡು ಬರಬೇಕು. ಚಹಾದಂಗಡಿಯಲ್ಲಿ ಕೂತು, ಕ್ಷೌರದಂಗಡಿಯಲ್ಲಿ ಕೂತು, ಮಸೀದಿ ಅಂಗಳದಲ್ಲಿ ನಿಂತು, ಯಾರೋ ದಾರಿಹೋಕ ಕೇಳಿದ ಹಾಗೆ ಕೇಳಬೇಕು. ಅದು ಹೆಣ್ಣಿನ ಅಪ್ಪನ ಕರ್ತವ್ಯ.

ಆ ಕರ್ತವ್ಯಕ್ಕೆ ಹೊರಡುವ ಬೆಳಿಗ್ಗೆ ತಹ್ಸಿನ್‌ನ ಎಡದವಡೆ ಹಲಸಿನ ತೊಳೆಯಂತೆ ಊದಿಕೊಂಡಿತು. ಊರಿನ ಹಲ್ಲಿನ ಡಾಕ್ಟರು ದವಡೆ ಹಲ್ಲು ಕಿತ್ತು, ಜಾಗದಲ್ಲಿ ಹತ್ತಿ ತುಂಬಿ, ಮಧ್ಯಾಹ್ನದ ಮೇಲಿನ ನಮಾಜಿನ ತನಕ ಬಾಯಿ ಬಿಟ್ಟರೆ ರಕ್ತ ನಿಲ್ಲುವುದಿಲ್ಲ, ಆಮೇಲೆ ನನ್ನ ಹತ್ತಿರ ಬರಬೇಡ ಅಂದರು. ಜೀವನವಿಡೀ ಹತ್ತಿಯನ್ನೇ ಹಿಂಜಿದವನ ಬಾಯಿಗೇ ಹತ್ತಿ ಬಿತ್ತು. ಮನೆಗೆ ಬಂದು ಹೆಂಡತಿ ಸಾನಿಯೆಗೆ ಇವತ್ತು ಹೋಗಲಾರೆ ಅಂತ ಕೈಸನ್ನೆ ಮಾಡಿದ.

"ವಿಚಾರಿಸೋಕೆ ಬೇಕಾಗಿರೋದು ಕಿವಿ, ಬಾಯಲ್ಲ. ನೀವು ಬಾಯಿ ಮುಚ್ಕೊಂಡು ಹೋದ್ರೇ ಕೆಲಸ ಆಗೋದು," ಅಂದಳು ಸಾನಿಯೆ.

ಮರ್ಯಾದಸ್ಥನ ಹಾಗೆ ಕಾಣಬೇಕೆಂದು ಜರ್ಮನಿಯಲ್ಲಿದ್ದ ಅವಳ ತಮ್ಮ ಕಳಿಸಿದ್ದ ಬಟ್ಟೆಗಳನ್ನೆಲ್ಲ ಹೊರತೆಗೆದಳು. ಗಿಳಿಗಳ ಚಿತ್ರದ ಅಂಗಿ, ಹುಲ್ಲಿನ ಟೋಪಿ, ಅರ್ಧ ಮುಖ ನುಂಗುವ ಕಪ್ಪು ಕನ್ನಡಕ. ತಹ್ಸಿನ್‌ನ ತಾಯಿ ಚೆರ್ಕೆಸ್ ಜನಾಂಗದವಳು; ಅವಳಿಂದ ಬಂದ ಜೋಳದ ತೆನೆಯಂಥ ಕೂದಲು, ನೀಲಿ ಕಣ್ಣು ಅವನಿಗೆ. ಇನ್ಜೆಬಾಯಿರಿನಲ್ಲಿ ಅರ್ಧ ಬೀದಿ ಹಾಗೇ ಇರುವುದರಿಂದ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಸಾನಿಯೆ ಗಂಡನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ವರ್ಷದಲ್ಲಿ ಮೊದಲ ಸಲ ಮನುಷ್ಯನ ಹಾಗೆ ಕಾಣುತ್ತಿದ್ದೀರಿ ಅಂದಳು.

ಚಾಮ್ಲಿಹಾನಿನ ಬಸ್ ನಿಲ್ದಾಣದ ಎದುರಿಗೇ ದುರ್ಸುನ್‌ನ ಚಹಾದಂಗಡಿ. ತಹ್ಸಿನ್ ಅಲ್ಲಿ ಕೂತು, ತುಟಿ ಅಷ್ಟಿಷ್ಟು ಅಲುಗಿಸಿ ಒಂದು ಚಹಾ ಕೇಳಿದ. ಹತ್ತಿಯ ನಡುವೆ ನುಸುಳಿ ಬಂದ ಆ ಮಾತು ತುರ್ಕಿ ಭಾಷೆಗೆ ಸೇರಿದ್ದಾಗಿ ಉಳಿದಿರಲಿಲ್ಲ. ದುರ್ಸುನ್ ಅವನ ಟೋಪಿ ನೋಡಿದ, ಗಿಳಿಗಳನ್ನು ನೋಡಿದ, ಕನ್ನಡಕದ ಮೇಲಂಚಿನಿಂದ ಇಣುಕುತ್ತಿದ್ದ ನೀಲಿ ಕಣ್ಣು ನೋಡಿದ. ಒಳಗೆ ಹೋಗಿ ಇಸ್ಪೀಟು ಆಡುತ್ತಿದ್ದವರಿಗೆ ಮೆಲ್ಲಗೆ, "ಬಂದ," ಅಂದ.

ಯಾರು ಅಂತ ಯಾರೂ ಕೇಳಲಿಲ್ಲ. ಊರೇ ಕಾಯುತ್ತಿದ್ದುದು ಒಬ್ಬನಿಗೆ.

ಚಾಮ್ಲಿಹಾನಿನಲ್ಲಿ ಊರು ಅಂದಗೊಳಿಸುವ ಮತ್ತು ಪ್ರವಾಸಿಗರನ್ನು ಬರಮಾಡಿಕೊಳ್ಳುವ ಸಂಘ ಅಂತ ಒಂದಿತ್ತು. ಅದಕ್ಕೆ ಬೋರ್ಡು ಇತ್ತು, ಅಧ್ಯಕ್ಷರಿದ್ದರು, ಪ್ರತಿ ವಸಂತದಲ್ಲೂ ಹಸಿರು ಬಣ್ಣ ಬಳಿದ ಬೆಂಚುಗಳಿದ್ದವು. ಇಲ್ಲದಿದ್ದುದು ಪ್ರವಾಸಿಗರು ಮಾತ್ರ. ಒಂದು ಸಲ ಹೊರದೇಶದ ನಂಬರಿನ ಕಾರು ನಿಂತಿತ್ತು, ಬ್ಯಾಂಡಿನವರನ್ನು ಕರೆಯುವಷ್ಟರಲ್ಲಿ ಒಳಗಿದ್ದವನು ರಜೆಗೆ ಬಂದ ಕಮ್ಮಾರನ ಮಗ ಅಂತ ಗೊತ್ತಾಯಿತು. ಹೀಗಾಗಿ ಊರವರು ‘ಬೇ’, ಅಂದರೆ ಸಾಹೇಬರು, ಅಂತ ಕರೆಯುವ ಸಂಘದ ಅಧ್ಯಕ್ಷ ನೆಜಾತಿ ಬೇಗೆ ಸುದ್ದಿ ಮುಟ್ಟಿದಾಗ ಅವರು ಚಪ್ಪಲಿ ಬದಲಿಸುವುದನ್ನೂ ಮರೆತು ಓಡಿ ಬಂದರು.

ತಹ್ಸಿನ್ ಚಹಾ ಆರಲಿ ಅಂತ ಕಾಯುತ್ತಿದ್ದ. ದಪ್ಪ ಮೀಸೆಯ ಒಬ್ಬ ಗೃಹಸ್ಥರು ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ದುರ್ಸುನ್ ಹಿಂದಿನಿಂದ ಕೂಗಿ, ಇವರು ನಮ್ಮ ನೆಜಾತಿ ಬೇ, ರೇಡಿಯೋ ಇಲ್ಕೆರ್ ಅವರಪ್ಪ, ಅಂತ ಪರಿಚಯ ಮಾಡಿಸಿದ. ಹೊರದೇಶದವನಿಗೆ ಕೂಗಿ ಹೇಳಿದರೆ ಅರ್ಥವಾಗುತ್ತದೆ ಅನ್ನುವುದು ಅವನ ನಂಬಿಕೆ.

ತಹ್ಸಿನ್ ಕೈ ಬಿಡಿಸಿಕೊಳ್ಳಲು ನೋಡಿದ. ಯಾರ ಬಗ್ಗೆ ಗುಟ್ಟಾಗಿ ವಿಚಾರಿಸಬೇಕೆಂದು ಬಂದಿದ್ದನೋ ಆ ಬೀಗರೇ ಕೈ ಹಿಡಿದು ನಿಂತಿದ್ದರು. ನಾನು ಅವನಲ್ಲ ಅಂತ ಹೇಳಲು ಬಾಯಿ ತೆರೆದ, ರಕ್ತದ ರುಚಿ ತಾಗಿತು, ಮುಚ್ಚಿಕೊಂಡ. ಎದೆ ಮುಟ್ಟಿಕೊಂಡು ತಲೆಯಾಡಿಸಿದ. ಅದನ್ನು ಅವರು ನಮಸ್ಕಾರ ಅಂದುಕೊಂಡರು. ಇನ್ಜೆಬಾಯಿರಿನ ದಿಕ್ಕಿಗೆ ಬೆರಳು ತೋರಿಸಿದ. ದೂರದಿಂದ ಬಂದಿದ್ದಾರೆ ಪಾಪ ಅಂದರು. ಆಮೇಲೆ ಅವನ ನಿಧಾನದ ತಲೆಗೆ ಇನ್ನೊಂದು ಹೊಳೆಯಿತು: ಈಗ ನಿಜ ಹೇಳಿದರೆ, ಹೆಣ್ಣಿನ ಅಪ್ಪ ಗಿಳಿ ಅಂಗಿ ಹಾಕಿಕೊಂಡು ನಮ್ಮ ಮೇಲೆ ಬೇಹು ನಡೆಸಲು ಬಂದ ಅಂತಾಗುತ್ತದೆ, ಶುಕ್ರವಾರ ಯಾರೂ ಬರುವುದಿಲ್ಲ. ನಮಾಜಿನ ಹೊತ್ತಿನ ತನಕ ಹೇಗೋ ಸುಮ್ಮನಿದ್ದು ಬಸ್ಸು ಹತ್ತಿಬಿಡೋಣ ಅಂದುಕೊಂಡ. ಪರದೇಶಿ ಅನ್ನುವ ಮಾತಿಗೆ ಎರಡು ಅರ್ಥ. ಅವತ್ತು ತಹ್ಸಿನ್ ಎರಡೂ ಆದ.

ಅಷ್ಟರಲ್ಲಿ ವೆದಾತ್ ಮೇಷ್ಟ್ರನ್ನು ಕ್ಷೌರದಂಗಡಿಯಿಂದ, ಅರ್ಧ ಮುಖಕ್ಕೆ ಸೋಪು ಇದ್ದಂತೆಯೇ ಎಳೆದು ತಂದರು. ಮೇಷ್ಟ್ರು ಊರಿನ ಶಾಲೆಯಲ್ಲಿ ಒಂದೇ ಪುಸ್ತಕದಿಂದ ತಲೆಮಾರುಗಟ್ಟಲೆ ಇಂಗ್ಲಿಷ್ ಕಲಿಸಿದವರು. ಆ ಭಾಷೆ ಆಡುವ ಮನುಷ್ಯನೊಬ್ಬ ನಿಜವಾಗಿಯೂ ಎದುರಿಗೆ ಬಂದು ಕೂರುತ್ತಾನೆ ಅನ್ನುವುದು ಅವರ ಪಠ್ಯಕ್ರಮದಲ್ಲಿ ಇರಲಿಲ್ಲ. ಊರಿಗೆ ಊರೇ ಸುತ್ತ ನಿಂತಿತು. ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು ಮೊದಲ ಪಾಠದ ಮೊದಲ ಪ್ರಶ್ನೆ ಕೇಳಿದರು. ತಹ್ಸಿನ್‌ಗೆ ಒಂದಕ್ಷರ ತಿಳಿಯಲಿಲ್ಲ.

"ಹ್ಞೂಂ," ಅಂದ.

ಮೇಷ್ಟ್ರ ಹಣೆಯಲ್ಲಿ ಬೆವರಿನ ಹನಿ ಮೂಡಿತು. ಇಷ್ಟು ವರ್ಷ ತಾವು ಕಲಿಸಿದ್ದು ಇಂಗ್ಲಿಷೇ ಅಲ್ಲವೇನೋ ಎಂಬ ಭಯಂಕರ ಸಂಶಯ ಅವರಿಗೆ ಬಂದಿರಬೇಕು. ಆದರೆ ಎದುರಿಗೆ ನಿಂತವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಫೇಲಾದವರು. ಅವರ ಮುಂದೆ ತಾವು ಫೇಲಾಗುವುದೇ?

"ಡೆನ್ಮಾರ್ಕಿನವರಂತೆ," ಅಂದರು ಮೇಷ್ಟ್ರು. ಆ ದೇಶದ ಬಗ್ಗೆ ಊರಿನಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಅವರಿಬ್ಬರ ನಡುವೆ ಒಂದು ಒಪ್ಪಂದ ತಾನಾಗಿ ಏರ್ಪಟ್ಟಿತು. ಮೇಷ್ಟ್ರು ಏನೋ ಕೇಳುವುದು, ತಹ್ಸಿನ್ ಹ್ಞೂಂ ಅನ್ನುವುದು, ಆ ಒಂದು ಹ್ಞೂಂನಿಂದ ಮೇಷ್ಟ್ರು ಒಂದು ಪ್ಯಾರಾ ತೆಗೆಯುವುದು. ಊರಿನ ಗಾಳಿ ಹಿಡಿಸಿತಂತೆ. ನೀರು ಹಿಡಿಸಿತಂತೆ. ತುರ್ಕಿಯವರಂಥ ಅತಿಥಿ ಸತ್ಕಾರ ಎಲ್ಲೂ ಕಂಡಿಲ್ಲವಂತೆ. ಬೆಂಚುಗಳ ಹಸಿರು ಬಣ್ಣ ಅವರ ರಾಜನ ಅರಮನೆಯಲ್ಲೂ ಇಲ್ಲವಂತೆ. ಇದು ಕೇಳಿ ನೆಜಾತಿ ಬೇ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಹೊಗಳಿಕೆ ಎಷ್ಟು ಸಿಕ್ಕಿದರೂ ಒಳಗೊಂದು ಅನುಮಾನ ಉಳಿಯುತ್ತದಲ್ಲ. ನೆಜಾತಿ ಬೇ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಹೊರಗಿನವರು ಬೆನ್ನ ಹಿಂದೆ ನಮ್ಮನ್ನು ಏನಂತಾರೆ, ನಿಜ ಕೇಳಿ ಮೇಷ್ಟ್ರೇ ಅಂದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಸುತ್ತ ನಿಂತವರು ಉತ್ತರ ಕೊಡಲು ಶುರು ಮಾಡಿದರು. ನಾವು ಒಂಟೆ ಮೇಲೆ ಓಡಾಡ್ತೀವಿ ಅಂದುಕೊಂಡಿದಾರೆ ಅಂದ ಕಿರಾಣಿ ಅಂಗಡಿಯವನು. ಒಂಟೆಯನ್ನು ಅವನು ಜನ್ಮದಲ್ಲಿ ನೋಡಿದ್ದು ಸಿಗರೇಟ್ ಪೊಟ್ಟಣದ ಮೇಲೆ. ಕೆಂಪು ಕುಲಾವಿ ಹಾಕ್ತೀವಿ ಅಂದುಕೊಂಡಿದಾರೆ ಅಂದ ಇನ್ನೊಬ್ಬ. ನಾವೆಲ್ಲ ನಾಕು ನಾಕು ಮದುವೆ ಆಗ್ತೀವಿ ಅಂತಲೂ ಬರೀತಾರಂತೆ ಅಂದ ಮತ್ತೊಬ್ಬ.

"ನನಗಿರೋದು ಒಬ್ಬಳೇ ಹೆಂಡತಿ ಅಂತ ಹೇಳಿ ಮೇಷ್ಟ್ರೇ," ಅಂದ ದುರ್ಸುನ್. "ಅವಳೊಬ್ಬಳೇ ನಾಕು ಜನಕ್ಕಾಗುವಷ್ಟು ಬೈತಾಳೆ ಅನ್ನೋದನ್ನ ಹೇಳ್ಬೇಡಿ. ದೇಶದ ಮಾನದ ಪ್ರಶ್ನೆ."

ಹೀಗೆ ಹೊರಗಿನವರು ತಮ್ಮನ್ನು ಏನಂದುಕೊಂಡಿದ್ದಾರೆ ಎಂಬುದನ್ನು ಊರಿನವರೇ ಹೇಳಿ, ಊರಿನವರೇ ಸಿಟ್ಟಾಗಿ, ಊರಿನವರೇ ಅದಕ್ಕೆ ಉತ್ತರ ಕೊಟ್ಟು, ಕೊನೆಗೆ ಹೊರಗಿನವನನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ತಹ್ಸಿನ್‌ಗೂ ಆ ಹೊರದೇಶದವರ ಮೇಲೆ ರೋಷ ಉಕ್ಕಿತ್ತು. ಹೌದು ಮತ್ತೆ, ಎಲ್ಲಿಯ ಒಂಟೆ ಅಂತ ಮೇಜು ಗುದ್ದಬೇಕೆನ್ನಿಸಿ ಕೈ ಎತ್ತಿದವನು, ತಾನೀಗ ಡೆನ್ಮಾರ್ಕಿನವನು ಅಂತ ನೆನಪಾಗಿ ಟೋಪಿ ಸರಿಮಾಡಿಕೊಂಡ.

ಆಮೇಲೆ ಊರು ತೋರಿಸುವ ಕಾರ್ಯಕ್ರಮ. ತೋರಿಸುವುದಕ್ಕಿಂತ ಅಡಗಿಸುವ ಕೆಲಸವೇ ಹೆಚ್ಚಾಯಿತು. ಒಬ್ಬ ಮುಂದೆ ಮುಂದೆ ಓಡುತ್ತ ಕತ್ತೆಗಾಡಿಗಳನ್ನು ಸಂದಿಗೆ ತಳ್ಳಿಸುತ್ತಿದ್ದ. ಮೂಟೆ ಹೊರುವವನನ್ನು ಮೂಟೆ ಸಮೇತ ಗೋಡೆಯ ಹಿಂದೆ ನಿಲ್ಲಿಸಿದರು. ನೀರು ಬಾರದ ಕಾರಂಜಿಯ ಮುಂದೆ ಅಗಲ ಮೈಯ ಕಟುಕನನ್ನು ಅಡ್ಡ ನಿಲ್ಲಿಸಿದರು; ಅವನು ಪಾಪ ಚಿತ್ರಕ್ಕೆ ನಿಂತವನ ಹಾಗೆ ನಕ್ಕೇ ನಕ್ಕ. ಕ್ಷೌರಿಕ ತಹ್ಸಿನ್‌ನ ಕೈತುಂಬ ನಿಂಬೆ ಅತ್ತರು ಸುರಿದ. ಮಿಠಾಯಿಯವನು ಬಕ್ಲಾವಾ ತಿನ್ನಿಸಲು ಬಂದಾಗ ತಹ್ಸಿನ್ ಎರಡು ಹೆಜ್ಜೆ ಹಿಂದೆ ಸರಿದ. ಡೆನ್ಮಾರ್ಕಿನವರು ಸಿಹಿ ಕಂಡರೆ ಹಿಂದೆ ಸರಿದು ಗೌರವ ಸಲ್ಲಿಸುತ್ತಾರೆ ಅಂತ ಮೇಷ್ಟ್ರು ಭಾಷಾಂತರಿಸಿದರು.

ಪೇಟೆಯ ಕೊನೆಯಲ್ಲಿ ಒಂದು ರಜಾಯಿ ಅಂಗಡಿಯಿತ್ತು. ತಹ್ಸಿನ್‌ನ ಕಾಲು ತಾನಾಗಿ ನಿಂತಿತು. ತೂಗುಹಾಕಿದ್ದ ರಜಾಯಿಯ ಅಂಚು ತಿರುವಿ ನೋಡಿದ. ಕೈಹೊಲಿಗೆ ಕುಂಟಿಕೊಂಡು ಹೋಗಿತ್ತು, ಹತ್ತಿ ಒಂದು ಮೂಲೆಯಲ್ಲಿ ಗಂಟು ಕಟ್ಟಿತ್ತು. ಅವನು ನೋವಿನಿಂದ ತಲೆಯಾಡಿಸಿದ. ನಮ್ಮ ಕುಶಲಕಲೆ ನೋಡಿ ಬೆರಗಾಗಿದ್ದಾರೆ ಅಂದರು ಮೇಷ್ಟ್ರು. ಅಂಗಡಿಯವನು ಬಾಗಿ ನಮಸ್ಕರಿಸಿದ.

ನೆಜಾತಿ ಬೇಗೆ ಆ ಅಂಗಡಿ ನೋಡಿ ಬೇರೆ ಏನೋ ನೆನಪಾಯಿತು. ಪಕ್ಕದಲ್ಲಿ ಡೆನ್ಮಾರ್ಕಿನವನು ತಾನೆ, ಅವನಿಗೇನು ತಿಳಿದೀತು ಅಂತ ತುರ್ಕಿಯಲ್ಲೇ ಮೇಷ್ಟ್ರ ಹತ್ತಿರ ಮನಸ್ಸು ಬಿಚ್ಚಿದರು.

"ದೇವರ ದಯೆ, ಈ ಮನುಷ್ಯ ಇನ್ಜೆಬಾಯಿರಿಗೆ ಹೋಗ್ಲಿಲ್ಲ. ಅಲ್ಲಿ ರಸ್ತೆ ಮೇಲೇ ಕೂತು ಹತ್ತಿ ಬಡೀತಾರೆ, ಊರೆಲ್ಲ ಧೂಳು. ಅದನ್ನ ನೋಡ್ಕೊಂಡು ಹೋಗಿ ತುರ್ಕಿಯವರು ಅಂದ್ರೆ ಇಷ್ಟೇ ಅಂದಿರೋನು. ನಮ್ಮ ಹುಡುಗ ನೋಡಿ ಮೇಷ್ಟ್ರೇ, ಇಡೀ ದೇಶ ಬಿಟ್ಟು ಅಲ್ಲಿಯ ರಜಾಯಿಯವನ ಮಗಳೇ ಬೇಕಂತಾನೆ. ನಾಳೆ ಒಬ್ಬ ದೊಡ್ಡ ಮನುಷ್ಯ ಮನೆಗೆ ಬಂದ್ರೆ ಆ ಬೀಗನ್ನ ಎಲ್ಲಿ ಅಂತ ಬಚ್ಚಿಡೋದು?"

ತಹ್ಸಿನ್ ಆ ಕೆಟ್ಟ ರಜಾಯಿಯ ಅಂಚನ್ನು ಮೆಲ್ಲಗೆ ಕೈಬಿಟ್ಟ. ಹಲ್ಲು ಕಿತ್ತ ಜಾಗದಲ್ಲಿ ನೋವು ಅಷ್ಟೊತ್ತು ಬಡಿಯುತ್ತಿತ್ತು, ಈಗ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ವಿಚಾರಿಸಲು ಬಂದದ್ದಾಯಿತು, ಉತ್ತರವೂ ಸಿಕ್ಕಿತು. ಸಾನಿಯೆ ಹೇಳಿದ್ದು ಸರಿ, ಬೇಕಾಗಿದ್ದುದು ಕಿವಿ ಮಾತ್ರ. ಅಲ್ಲಿಂದಲೇ ಬಸ್ ನಿಲ್ದಾಣದತ್ತ ತಿರುಗಿದ. ಆದರೆ ನೆಜಾತಿ ಬೇ ಅವನ ತೋಳು ಹಿಡಿದುಬಿಟ್ಟಿದ್ದರು. ಊಟ ಮಾಡಿಸದೆ ಅತಿಥಿಯನ್ನು ಕಳಿಸಿದ ಅಪಖ್ಯಾತಿ ಚಾಮ್ಲಿಹಾನಿಗೆ ಬರಕೂಡದು.

ನೆಜಾತಿ ಬೇ ಮನೆಯ ಊಟದ ಮೇಜಿನ ಮೇಲೆ ಊರಿನ ಅರ್ಧ ಅಡಿಗೆಮನೆಗಳು ಬಂದು ಕೂತಿದ್ದವು. ಅಕ್ಕಪಕ್ಕದವರೆಲ್ಲ ತಲಾ ಒಂದೊಂದು ತಟ್ಟೆ ಕಳಿಸಿ ಹೊರಗೆ ನಿಂತಿದ್ದರು; ಒಳಗೆ ಮನೆಯವರು, ಮೇಷ್ಟ್ರು ಮಾತ್ರ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಹುರಿದ ಬದನೆ, ಮೂಳೆ ಸಮೇತ ಬೇಯಿಸಿದ ಕುರಿಯ ಮಾಂಸ. ಹಲ್ಲಿರುವವನಿಗೆ ಸ್ವರ್ಗ. ತಹ್ಸಿನ್ ಚಮಚ ಹಿಡಿದು ಸುಮ್ಮನೆ ಕೂತ. ಮೇಷ್ಟ್ರು ಡೆನ್ಮಾರ್ಕಿನ ಉಪವಾಸದ ಬಗ್ಗೆ ಏನೋ ಹೇಳತೊಡಗಿದರು.

ಆಗ ಮನೆಯವರ ಹಿಂದೆ ನಿಂತಿದ್ದ ತೆಳ್ಳಗಿನ ಹುಡುಗನೊಬ್ಬ ಅತಿಥಿಯ ಕೆನ್ನೆಯನ್ನು ಒಂದು ಕ್ಷಣ ನೋಡಿ ಒಳಗೆ ಹೋದ. ಅವನೇ ಇಲ್ಕೆರ್. ಬರುವಾಗ ಕೈಯಲ್ಲಿ ಚೆನ್ನಾಗಿ ಮಸೆದು, ಊದಿ ಆರಿಸಿದ ಬೇಳೆಯ ಸಾರಿನ ಬಟ್ಟಲಿತ್ತು. ಒಂದು ಲೋಟ ಉಪ್ಪುನೀರೂ ಇತ್ತು. ಎರಡನ್ನೂ ತಹ್ಸಿನ್‌ನ ಮುಂದಿಟ್ಟು, ಬಾಯಿ ಮುಕ್ಕಳಿಸಲು ಬಚ್ಚಲು ಆ ಕಡೆ ಅಂತ ಕಣ್ಣಲ್ಲೇ ತೋರಿಸಿದ. ಬೆಳಗಿನಿಂದ ಇಡೀ ಊರು ಡೆನ್ಮಾರ್ಕನ್ನು ನೋಡಿತ್ತು, ಊದಿದ ದವಡೆಯನ್ನು ನೋಡಿದವನು ಇವನೊಬ್ಬನೇ. ತಹ್ಸಿನ್ ಬಚ್ಚಲಿಗೆ ಹೋಗಿ ಹತ್ತಿ ಉಗಿದು, ಮುಕ್ಕಳಿಸಿ ಬಂದ. ರಕ್ತ ನಿಂತಿತ್ತು. ಸಾರಿನ ಮೊದಲ ಗುಟುಕು ಇಳಿದಾಗ ಅವನಿಗೆ ಅಳು ಬರುವಂತಾಯಿತು. ಅಪ್ಪನ ಮಾತಿಗೆ ಹುಡುಗನನ್ನು ಬೇಡವೆನ್ನುವುದೋ, ಹುಡುಗನ ಸಾರಿಗೆ ಅಪ್ಪನನ್ನು ಕ್ಷಮಿಸುವುದೋ ತಿಳಿಯದೆ ಗೊಂದಲಕ್ಕೆ ಬಿದ್ದ.

ಆ ಗೊಂದಲದಲ್ಲಿ ಮೊಣಕೈ ತಾಗಿ ಒಂದು ತುಂಡು ರೊಟ್ಟಿ ನೆಲಕ್ಕೆ ಬಿತ್ತು. ತಹ್ಸಿನ್ ಬಗ್ಗಿ ಎತ್ತಿಕೊಂಡ, ಮುತ್ತಿಟ್ಟ, ಹಣೆಗೊತ್ತಿಕೊಂಡು ಮೇಜಿನ ಎತ್ತರದ ಜಾಗದಲ್ಲಿಟ್ಟ.

ಕೆಳಗೆ ಬಿದ್ದ ರೊಟ್ಟಿಗೆ ತುರ್ಕಿಯಲ್ಲಿ ಎಲ್ಲರೂ ಮಾಡುವುದು ಹಾಗೇ; ಅದನ್ನು ಯಾವ ಪುಸ್ತಕದಿಂದಲೂ ಕಲಿಯಲಾಗುವುದಿಲ್ಲ, ತಾಯಿಯ ಕೈಯಿಂದ ಬೆನ್ನಿಗೊಂದು ಬಿದ್ದೇ ಕಲಿಯಬೇಕು.

"ನೋಡಿದ್ರಾ, ಬಂದು ಅರ್ಧ ದಿನಕ್ಕೇ ನಮ್ಮ ಸಂಸ್ಕೃತಿ ಕಲ್ತುಬಿಟ್ರು," ಅಂದರು ನೆಜಾತಿ ಬೇ ಗದ್ಗದರಾಗಿ.

ಮೂಲೆಯ ದಿವಾನದ ಮೇಲೆ ಜಪಮಣಿ ಎಣಿಸುತ್ತಿದ್ದ ಅವರ ತಾಯಿ ಹಾಜೆರ್ ಅಜ್ಜಿ ಮಣಿಗಳನ್ನು ಮಡಿಲಿಗೆ ಹಾಕಿಕೊಂಡು ಮುಂದಕ್ಕೆ ಬಾಗಿದರು.

"ಯಾವೂರಪ್ಪ ನಿಂದು?"

ಚಾಮ್ಲಿಹಾನಿಗೆ ಬಂದಾಗಿನಿಂದ ತಹ್ಸಿನ್‌ನನ್ನು ಯಾರೂ ತುರ್ಕಿಯಲ್ಲಿ ಪ್ರಶ್ನೆ ಕೇಳಿರಲಿಲ್ಲ. ಅಜ್ಜಿಗೆ ಸುಳ್ಳು ಹೇಳಲು ಅವನಿಗೆ ಬರಲಿಲ್ಲ. "ಇನ್ಜೆಬಾಯಿರು ಅಜ್ಜಿ," ಅಂದ.

"ಇನ್ಜೆಬಾಯಿರಿನವರಂತೆ," ಅಂತ ಮೇಷ್ಟ್ರು ಅಭ್ಯಾಸಬಲದಿಂದ ಭಾಷಾಂತರಿಸಿದರು.

"ರಜಾಯಿ ಹೊಲಿತೀನಿ. ತಹ್ಸಿನ್ ಅಂತ. ಗುಲ್ಸೆರೆನ್ ನನ್ನ ಮಗಳು."

ಮೇಷ್ಟ್ರು ಇದನ್ನೂ ಅರ್ಧ ಭಾಷಾಂತರಿಸಿ, ತಾವೇನು ಮಾಡುತ್ತಿದ್ದೇವೆ ಅಂತ ಹೊಳೆದು, ಬದನೆಕಾಯಿಯೊಂದನ್ನು ಬಾಯಿಗೆ ತುರುಕಿಕೊಂಡರು. ಇಲ್ಕೆರ್ ಕೈಯಲ್ಲಿದ್ದ ಖಾಲಿ ಲೋಟ ಕೆಳಗಿಟ್ಟು ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡ. ನೆಜಾತಿ ಬೇ ಮುಖ ಮೊದಲು ಕೆಂಪಾಯಿತು, ಆಮೇಲೆ ರಜಾಯಿ ಅಂಗಡಿಯ ಮುಂದೆ ತಾವಾಡಿದ ಮಾತು ನೆನಪಾಗಿ ಬೆಳ್ಳಗಾಯಿತು. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟರು. ಅಲ್ಲಿ ಅವರು ಎಷ್ಟು ಹೊತ್ತು ನಿಂತಿದ್ದರು ಅಂದರೆ, ಅಜ್ಜಿ ಕೊನೆಗೆ, ಕಿಟಕಿಯಿಂದ ಹಾರೋದಾದ್ರೆ ಹಾರು ಮಗನೇ, ಇದು ಮಹಡಿ ಮನೆಯಲ್ಲ, ಏನೂ ಆಗಲ್ಲ ಅಂದರು.

ತಹ್ಸಿನ್ ಎದ್ದು ಟೋಪಿ ತೆಗೆದುಕೊಂಡ. ನನ್ನದೂ ತಪ್ಪು, ಹಲ್ಲಿನ ನೆಪದಲ್ಲಿ ಸುಮ್ಮನಿದ್ದೆ ಅಂತ ಅಜ್ಜಿಗೆ ಹೇಳಿ, ಹುಡುಗನ ಭುಜ ತಟ್ಟಿ, ಬಾಗಿಲ ಕಡೆ ನಡೆದ. ನೆಜಾತಿ ಬೇ ಹಿಂದೆಯೇ ಬಂದರು. ಹೊಸ್ತಿಲಲ್ಲಿ ಬಗ್ಗಿ ತಹ್ಸಿನ್‌ನ ಬೂಟುಗಳನ್ನು, ಮನೆಯ ಕಿರಿಯರು ಅತಿಥಿಗೆ ಮಾಡುವ ಹಾಗೆ, ಹಾಕಿಕೊಳ್ಳಲು ಸುಲಭವಾಗುವಂತೆ ತಾವೇ ಹೊರಮುಖಕ್ಕೆ ತಿರುಗಿಸಿಟ್ಟರು. ಬಾಗಿಲು ತೆರೆದರೆ ಹೊರಗೆ ಊರಿನ ಜನ ಕಾದು ನಿಂತಿದ್ದರು. ಕಟುಕ ಅಂಗಿ ಬದಲಿಸಿ ಬಂದಿದ್ದ. ಬ್ಯಾಂಡಿನವರೂ ಸಿಕ್ಕಿದ್ದರು.

ನೆಜಾತಿ ಬೇ ಬಾಗಿಲನ್ನು ಮತ್ತೆ ಅರ್ಧ ಎಳೆದರು.

"ನಿಮ್ಮನ್ನ ಕೇಳೋಕೆ ನನಗೆ ಮುಖ ಇಲ್ಲ," ಅಂದರು ತಗ್ಗಿದ ದನಿಯಲ್ಲಿ. "ಇವತ್ತು ಊರು ಎಷ್ಟು ಖುಷಿಯಾಗಿದೆ ನೋಡಿ. ಬಸ್ ನಿಲ್ದಾಣದ ತನಕ, ಒಂದೈದು ನಿಮಿಷ, ಡೆನ್ಮಾರ್ಕಿನವರಾಗೇ ಬರ್ತೀರಾ?"

ತಹ್ಸಿನ್ ಅವರ ಮುಖ ನೋಡಿದ. ಅದು ಬೆಳಿಗ್ಗೆ ಓಡಿ ಬಂದಾಗ ಇದ್ದ ಅದೇ ಮುಖ. ಆಗ ಅದರಲ್ಲಿ ಇದ್ದುದು ಜಂಬ ಅಂದುಕೊಂಡಿದ್ದ. ಈಗ ನೋಡಿದರೆ, ಮದುವೆಮನೆಯಲ್ಲಿ ಊಟ ಸಾಲುತ್ತದೋ ಇಲ್ಲವೋ ಅಂತ ಹೆದರುವವನ ಮುಖವಾಗಿತ್ತು. ಶುಕ್ರವಾರ ಬೀಗರು ಬರುತ್ತಾರೆಂದು ತನ್ನ ಮನೆಯ ಹರಕು ಚಾಪೆಯನ್ನು ಮಂಚದ ಕೆಳಗೆ ತಳ್ಳಿಸಿ ಬಂದದ್ದು ತಹ್ಸಿನ್‌ಗೆ ನೆನಪಾಯಿತು. ಕಪ್ಪು ಕನ್ನಡಕ ಹಾಕಿಕೊಂಡ.

ಬ್ಯಾಂಡು ಬಾರಿಸಿತು. ಇಬ್ಬರೂ ತೋಳು ತೋಳು ಹಿಡಿದು ನಡೆದರು. ತಹ್ಸಿನ್ ಅತ್ತ ಇತ್ತ ಕೈಬೀಸಿದ. ನೆಜಾತಿ ಬೇ ಅವನಿಗೆ ಕೈಸನ್ನೆಯಲ್ಲೇ ಮಸೀದಿ ತೋರಿಸಿದರು, ಪೋಸ್ಟಾಫೀಸು ತೋರಿಸಿದರು. ಕಾರಂಜಿಯ ಹತ್ತಿರ ಬಂದಾಗ ಈ ಸಲ ಕಟುಕ ಅಡ್ಡ ನಿಂತಿರಲಿಲ್ಲ, ಅದು ಒಣಗಿ ನಿಂತಿತ್ತು. ಅವರು ಅದನ್ನೂ ತೋರಿಸಿದರು.

ಬಸ್ಸಿನ ಬಾಗಿಲ ಬಳಿ ಬ್ಯಾಂಡಿನ ಸದ್ದಿನ ಮರೆಯಲ್ಲಿ ನೆಜಾತಿ ಬೇ ಕಿವಿಯ ಹತ್ತಿರ ಬಾಗಿದರು. ತಡೆಯಲಾಗಲಿಲ್ಲ ಅವರಿಗೆ. "ಇಡೀ ದಿನ ಹೊರಗಿನವರಾಗಿದ್ರಿ. ನಿಜ ಹೇಳಿ, ನಾವು ಹೇಗೆ ಕಾಣ್ತೀವಿ?"

ತಹ್ಸಿನ್‌ಗೆ ದೊಡ್ಡ ಮಾತು ಬರುವುದಿಲ್ಲ. "ಒಳ್ಳೇ ಜನ," ಅಂದ. "ಹೊಟ್ಟೆ ತುಂಬ ಊಟ ಹಾಕ್ತೀರಿ. ಆದ್ರೆ ಬಂದವನಿಗೆ ಬಾಯಿ ನೋಯ್ತಿದೆಯಾ ಅಂತ ನೋಡಲ್ಲ. ನಿಮ್ಮ ಹುಡುಗ ನೋಡ್ದ."

ನೆಜಾತಿ ಬೇ ತಲೆ ತಗ್ಗಿಸಿದರು. ತಹ್ಸಿನ್ ಒಂದು ಕಾಲು ಮೆಟ್ಟಿಲ ಮೇಲಿಟ್ಟವನು ಹಿಂದಿರುಗಿ, "ಶುಕ್ರವಾರ ಕಾಯ್ತಿರ್ತೀವಿ. ಅಜ್ಜೀನೂ ಕರ್ಕೊಂಡು ಬನ್ನಿ. ಮೇಷ್ಟ್ರು ಬೇಡ," ಅಂದ.

ನೆಜಾತಿ ಬೇ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಊರಿನವರೆಲ್ಲ ಚಪ್ಪಾಳೆ ತಟ್ಟಿದರು.

ಶರತ್ಕಾಲದಲ್ಲಿ ಮದುವೆ ಚಾಮ್ಲಿಹಾನಿನಲ್ಲೇ ಆಯಿತು. ತಹ್ಸಿನ್ ತನ್ನ ಕಂದು ಕೋಟು ಹಾಕಿಕೊಂಡು, ಟೋಪಿ ಕನ್ನಡಕ ಯಾವುದೂ ಇಲ್ಲದೆ, ಮಗಳ ಪಕ್ಕ ನಿಂತಿದ್ದ. ಯಾರಾದರೂ ಗುರುತು ಹಿಡಿದುಬಿಟ್ಟರೆ ಅಂತ ಅವನಿಗೂ ನೆಜಾತಿ ಬೇಗೂ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ವೆದಾತ್ ಮೇಷ್ಟ್ರಂತೂ ಎರಡೂ ಕಡೆಯವರ ಕಣ್ಣು ತಪ್ಪಿಸಿ ಅಡಿಗೆಯವರ ಜೊತೆಗೇ ಕೂತಿದ್ದರು. ದುರ್ಸುನ್ ಚಹಾದ ತಟ್ಟೆ ಹಿಡಿದುಕೊಂಡು ಬಂದವನು ಹುಡುಗಿಯ ಅಪ್ಪನ ಮುಂದೆ ನಿಂತು, ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದ. ನೆಜಾತಿ ಬೇ ಉಸಿರು ಹಿಡಿದುಕೊಂಡರು.

ದುರ್ಸುನ್ ಚಹಾ ಕೊಟ್ಟು ಮುಂದೆ ಹೋದ. ಕಿರಾಣಿ ಅಂಗಡಿಯವನ ಪಕ್ಕದಲ್ಲಿ ಕೂತು ದನಿ ತಗ್ಗಿಸಿ, "ಹುಡುಗಿ ಅಪ್ಪ ನೋಡೋಕೆ ಒಂಚೂರು ಆ ನಮ್ಮ ಡೆನ್ಮಾರ್ಕ್ ಸಾಹೇಬರ ಹಾಗಿಲ್ವಾ?" ಅಂದ.

ಕಿರಾಣಿ ಅಂಗಡಿಯವನು ಕತ್ತು ಉದ್ದ ಮಾಡಿ ನೋಡಿದ.

"ಕಣ್ಣು ಮೂಗು ಹೌದು," ಅಂದ. "ಆದ್ರೆ ಆ ಕಳೆ ಬರ್ಬೇಕಲ್ಲಪ್ಪ. ಅದಕ್ಕೆ ಅಲ್ಲೇ ಹುಟ್ಟಿರ್ಬೇಕು."